ಸಾಹೇಬ್ರು ಪುಸ್ತಕಾ ಓದ್ಯಾರಂತ!

ನಮ್ಮ ಹುಬ್ಬಳ್ಳಿ-ಧಾರವಾಡದ ನೌಕರದಾರ ಮಂದಿ ಸುಲಭಕ್ಕೆ ಅಂಜುವವರಲ್ಲ. ಆಡಿಟ್ ಬಂದರೆ ಚಹಾ, ಗಿರ್ಮಿಟ್ಟು ತರಿಸುತ್ತಾರೆ. ವರ್ಗಾವಣೆ ಬಂದರೆ ಬೆಂಗಳೂರಿಗೆ ಹೋಗಿ ರದ್ದು ಮಾಡಿಸಿಕೊಂಡು ಬರುತ್ತಾರೆ. ಜಿಟಿಜಿಟಿ ಮಳೆ ಹಿಡಿದರೆ ಹುಬ್ಬಳ್ಳಿಯವರು ಕೊಡೆ ಬಿಚ್ಚುತ್ತಾರೆ, ಧಾರವಾಡದವರು ಕವಿತೆ ಬರೆಯುತ್ತಾರೆ. ಆದರೆ ಸೋಮವಾರ ಮುಂಜಾನೆ ಸಿಪಾಯಿ ಬಂದು ಸಣ್ಣ ದನಿಯಲ್ಲಿ “ಸಾಹೇಬ್ರು ಪುಸ್ತಕಾ ಓದ್ಯಾರಂತ” ಅಂದನೋ, ಮುಗಿಯಿತು. ಹೆಡ್ ಕ್ಲಾರ್ಕರಿಂದ ಹಿಡಿದು ಮೊನ್ನೆ ಸೇರಿದ ಹುಡುಗನವರೆಗೆ ಎಲ್ಲರ ಮುಖವೂ ಇಳಿದುಹೋಗುತ್ತದೆ.

ಪುಸ್ತಕವೆಂದರೆ ಕಥೆ-ಕಾದಂಬರಿ ಅಂದುಕೊಳ್ಳಬೇಡಿ. ಧಾರವಾಡದ ಸುಭಾಸ ರೋಡಿನ ಅಟ್ಟದ ಮೇಲಿಂದ ಮನೋಹರ ಗ್ರಂಥಮಾಲೆಯವರು 1933ರಿಂದ ಪುಸ್ತಕ ತರುತ್ತಲೇ ಇದ್ದಾರೆ. ಅವನ್ನು ಓದಿ ಯಾವ ಸಾಹೇಬರೂ ಕಚೇರಿಯ ಮೇಲೆ ಏರಿ ಬಂದದ್ದಿಲ್ಲ. ಪಾಪ, ಓದಿದವರು ಒಂದೆರಡು ದಿನ ಕಿಟಕಿಯಾಚೆ ನೋಡುತ್ತ ಕೂತಿದ್ದಾರೆ, ಅಷ್ಟೇ. ಅಪಾಯದ ಪುಸ್ತಕಗಳ ಜಾತಿಯೇ ಬೇರೆ. ಅವುಗಳ ರಕ್ಷಾಪುಟದ ಮೇಲೆ ಸಾಮಾನ್ಯವಾಗಿ ಒಂದು ಅಂಕಿ ಇರುತ್ತದೆ, ಅಂಕಿ ಇಲ್ಲದಿದ್ದರೆ ಕೈಕಟ್ಟಿ ನಗುವ ಲೇಖಕನ ಫೋಟೋ ಇರುತ್ತದೆ. ಸ್ಟೀಫನ್ ಕವೀ 1989ರಲ್ಲಿ ಕೊಟ್ಟ ಏಳು ರೂಢಿಗಳು, ರಾಬಿನ್ ಶರ್ಮಾ 2018ರಲ್ಲಿ ತೆರೆದ ಐದು ಗಂಟೆಯ ಕ್ಲಬ್ಬು, ಅದೇ ವರ್ಷ ಜೇಮ್ಸ್ ಕ್ಲಿಯರ್ ಬರೆದ ‘ಅಟಾಮಿಕ್ ಹ್ಯಾಬಿಟ್ಸ್’ ಎಲ್ಲ ಈ ಜಾತಿಯವು.

ಬೆಂಗಳೂರು-ಧಾರವಾಡ ವಂದೇ ಭಾರತ್ ಗಾಡಿ 2023ರ ಜೂನಿನಲ್ಲಿ ಶುರುವಾದ ಮೇಲೆ ಈ ತ್ರಾಸು ಹೆಚ್ಚಾಯಿತೆಂಬುದು ನಾವೆಲ್ಲ ‘ಕಾಕಾ’ ಅನ್ನುವ ನಮ್ಮ ಹೆಡ್ ಕ್ಲಾರ್ಕರ ಅಂಬೋಣ. “ಮೊದಲ ಮೀಟಿಂಗ್ ಮುಗಿಸ್ಕೊಂಡು ರಾತ್ರಿ ಗಾಡಿ ಹತ್ತತಿದ್ರು, ಮಲಗತಿದ್ರು, ಮುಂಜಾನೆ ಇಳೀತಿದ್ರು. ಇದು ಹಗಲ ಗಾಡಿ. ಹತ್ತಿರ ಹತ್ತಿರ ಆರ ತಾಸು ಕುಂತ ಏನ್ ಮಾಡಬೇಕ್ರಿ ಅವರರೆ? ಓದತಾರ!” ಯಶವಂತಪುರ ದಾಟುವಾಗ ಮೊದಲ ರೂಢಿ, ದಾವಣಗೆರೆಗೆ ನಾಲ್ಕನೆಯದು, ಹಾವೇರಿಯ ಹೊಲ ಕಾಣುವಷ್ಟರಲ್ಲಿ ಏಳೂ ಖಲಾಸ್. ಹುಬ್ಬಳ್ಳಿಯಲ್ಲಿ ಇಳಿದರೆ 1507 ಮೀಟರಿನ ಪ್ಲಾಟ್‌ಫಾರ್ಮ್ ಇದೆಯಲ್ಲ, ಜಗತ್ತಿನಲ್ಲೇ ಉದ್ದನೆಯದೆಂದು ಹೆಸರಾದದ್ದು, ಅದರ ಈ ತುದಿಯಿಂದ ಆ ತುದಿಗೆ ನಡೆಯುವಷ್ಟರಲ್ಲಿ ಓದಿದ್ದನ್ನು ಯಾರ ಮೇಲೆ ಪ್ರಯೋಗಿಸಬೇಕೆಂಬ ಪಟ್ಟಿಯೂ ತಯಾರು.

ಇಲ್ಲಿಯೇ ಇದೆ ನೋಡಿ ಮರ್ಮ. ಈ ಪುಸ್ತಕಗಳನ್ನು ಯಾರೂ ತಮಗಾಗಿ ಓದುವುದಿಲ್ಲ. ಹೆಸರು ಆತ್ಮೋನ್ನತಿಯ ಪುಸ್ತಕ, ಓದುವುದು ಮಾತ್ರ ಪರೋನ್ನತಿಗೆ. ಪೆನ್ಸಿಲ್ ಹಿಡಿದು ಗೆರೆ ಎಳೆಯುವಾಗ ಸಾಹೇಬರ ಕಣ್ಣ ಮುಂದೆ ಬರುವುದು ಕ್ಯಾಶಿಯರ್. ಅದೇ ಪುಸ್ತಕ ಕ್ಯಾಶಿಯರ್ ಕೈಗೆ ಬಂದರೆ ಅವನು ಬೇರೆ ಪುಟದಲ್ಲಿ ಗೆರೆ ಎಳೆಯುತ್ತಾನೆ, ಅವನ ಕಣ್ಣ ಮುಂದೆ ಸಾಹೇಬರು. ಇಬ್ಬರೂ ಮನೆಗೊಯ್ದರೆ ಅವರ ಹೆಂಡಂದಿರು ಎಳೆಯುವ ಗೆರೆಗಳ ಮಾತು ಇಲ್ಲಿ ಬೇಡ.

ಕವೀ ಸಾಹೇಬರ ಐದನೆಯ ರೂಢಿಯನ್ನೇ ತೆಗೆದುಕೊಳ್ಳಿ. ಮೊದಲು ಎದುರಿನವರನ್ನು ಅರ್ಥ ಮಾಡಿಕೊಳ್ಳಿ, ಆಮೇಲೆ ನಿಮ್ಮ ಮಾತು ಅರ್ಥ ಮಾಡಿಸಿ ಎನ್ನುತ್ತದೆ ಅದು. ಚಿನ್ನದಂಥ ಮಾತು. ಇದನ್ನು ಓದಿದ ನಮ್ಮ ಸಾಹೇಬರು ‘ಕೇಳುವ ಕಲೆ’ಯ ಬಗ್ಗೆ ಮೀಟಿಂಗ್ ಕರೆದರು. ಒಂದೂವರೆ ತಾಸು ಅವರೊಬ್ಬರೇ ಮಾತಾಡಿದರು. ನಡುವೆ ಕ್ಯಾಶಿಯರ್ “ಸರ್, ಒಂದ ಮಾತು…” ಎಂದು ಎದ್ದರೆ, “ನೋಡ್ರಿ, ಇದಕ್ಕನ ನಾ ಹೇಳೂದು, ನೀವು ಕೇಳಿಸ್ಕೊಳ್ಳೂದಿಲ್ಲ” ಎಂದು ಕೂರಿಸಿದರು. ಮುಂದಿನ ಅಧ್ಯಾಯ ಮಾಲಕತ್ವದ್ದು. “ಕಂಪನಿ ನಮ್ಮದs ಅಂತ ತಿಳಕೊಂಡು ಕೆಲಸಾ ಮಾಡ್ರಿ” ಎಂದು ಅಪ್ಪಣೆಯಾಯಿತು. ಕಾಕಾ ಮೆಲ್ಲಗೆ ಕೈ ಎತ್ತಿ, “ಹಂಗಾದ್ರ ಸಾಹೇಬ್ರ, ಇವತ್ತ ಮಧ್ಯಾಹ್ನದಿಂದ ನನಗ ನಾನs ಅರ್ಧಾ ದಿನಾ ರಜಾ ಮಂಜೂರ ಮಾಡ್ಕೊಳ್ಳಲೇನ್ರಿ?” ಎಂದು ಕೇಳಿದರು. ಮಾಲಕತ್ವದ ಅಧ್ಯಾಯ ಅಲ್ಲಿಗೇ ಮುಗಿಯಿತು.

ಐದು ಗಂಟೆಯ ಕ್ಲಬ್ಬಿನ ಕಥೆ ಇನ್ನೂ ಚಂದ. ಐದಕ್ಕೆ ಎದ್ದು ಮೊದಲ ತಾಸನ್ನು ಇಪ್ಪತ್ತಿಪ್ಪತ್ತು ನಿಮಿಷದ ಮೂರು ಪಾಲು ಮಾಡಬೇಕಂತೆ. ಮೊದಲನೆಯದು ಮೈ ಬೆವರಲು, ಎರಡನೆಯದು ಮನಸ್ಸು ನಿಲ್ಲಲು, ಮೂರನೆಯದು ಹೊಸದು ಕಲಿಯಲು. ಸಾಹೇಬರು ಇದನ್ನು ಉತ್ಸಾಹದಿಂದ ವಿವರಿಸುತ್ತಿರುವಾಗ ಅಕೌಂಟ್ಸಿನ ಬಾಯಾರು ತಣ್ಣಗೆ ಕೂತಿದ್ದರು. ಅವರು ಈ ಕ್ಲಬ್ಬಿನ ಆಜೀವ ಸದಸ್ಯೆ. ನಮ್ಮ ಅವಳಿ ನಗರದಲ್ಲಿ ಜನ ಏಳುವ ವೇಳೆಯನ್ನು ನಿರ್ಧರಿಸುವವಳು ನವಿಲುತೀರ್ಥದ ಮಲಪ್ರಭೆ, ರಾಬಿನ್ ಶರ್ಮಾ ಅಲ್ಲ. 2008ರಲ್ಲಿ ಕೆಲವು ವಾರ್ಡುಗಳಿಗೆ 24 ತಾಸೂ ನೀರು ಕೊಟ್ಟು ನಗರ ದೇಶಕ್ಕೆಲ್ಲ ಹೆಸರು ಮಾಡಿತು, ನಿಜ. ಉಳಿದ ಓಣಿಗಳಲ್ಲಿ ನಳ ಬರುವುದೆಂದರೆ ಇವತ್ತಿಗೂ ನೆಂಟರು ಬಂದ ಸಡಗರ, ಬರುವ ದಿನವೂ ನಿಕ್ಕಿಯಿಲ್ಲ, ತಾಸೂ ನಿಕ್ಕಿಯಿಲ್ಲ. ನಸುಕಿನಲ್ಲಿ ಓಣಿಯ ಆ ತುದಿಯಿಂದ “ನಳಾ ಬಂತs!” ಎಂದು ಒಂದು ಕೂಗು ಬಿದ್ದರೆ ಅಲಾರಾಂ ಯಾಕೆ ಬೇಕು? ಇಪ್ಪತ್ತು ನಿಮಿಷ ಕೊಡ, ಇಪ್ಪತ್ತು ನಿಮಿಷ ಬ್ಯಾರಲ್ಲು, ಇಪ್ಪತ್ತು ನಿಮಿಷ ಮೋಟರ್ ಹಚ್ಚಿದ ಪಕ್ಕದ ಮನೆಯವರ ಜೊತೆ ಜಗಳ. ಬೆವರೂ ಬರುತ್ತದೆ, ಹೊಸದಾಗಿ ಒಂದೆರಡು ಬೈಗುಳವನ್ನೂ ಕಲಿತಂತಾಗುತ್ತದೆ. ಮನಸ್ಸು ನಿಲ್ಲುವುದೊಂದು ಬಾಕಿ, ಅದು ಸಿಂಟೆಕ್ಸ್ ತುಂಬಿದ ಮೇಲೆ. “ಇಷ್ಟ ವರ್ಷದಾಗ ನಾವೇನ ಶ್ರೀಮಂತರಾಗಿಲ್ರಿ” ಎಂದರು ಬಾಯಾರು. ಸಾಹೇಬರ ಮನೆಯಲ್ಲಿ ಬೋರ್‌ವೆಲ್ ಇದೆ. ಅದಕ್ಕೇ ಅವರಿಗೆ ಐದಕ್ಕೆ ಏಳಲು ಪುಸ್ತಕ ಬೇಕಾಯಿತು.

ರೂಢಿ ಬೆಳೆಯಲು 21 ದಿನ ಸಾಕೆಂಬುದು ಈ ಪುಸ್ತಕಗಳ ಇನ್ನೊಂದು ಮಂತ್ರ. ಇದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಡಾಕ್ಟರರದು. ಮೂಗು-ಮುಖ ತಿದ್ದುವ ಶಸ್ತ್ರಚಿಕಿತ್ಸೆ ಅವರ ಕಸುಬು. ಹೊಸ ಮೂಗಿಗೆ ಒಗ್ಗಿಕೊಳ್ಳಲು ರೋಗಿಗೆ ಏನಿಲ್ಲೆಂದರೂ ಮೂರು ವಾರ ಬೇಕು ಎಂದು 1960ರ ಪುಸ್ತಕದಲ್ಲಿ ಬರೆದರು. ಬರಬರುತ್ತ ‘ಏನಿಲ್ಲೆಂದರೂ’ ಉದುರಿಹೋಗಿ 21 ಉಳಿಯಿತು. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಕೂರಿಸಿ ಲೆಕ್ಕ ಹಾಕಿದಾಗ ನಡುವಿನ ಅಂಕಿ 66 ದಿನ ಬಂತು. ಕೆಲವರಿಗೆ 18 ಸಾಕಾದರೆ ಕೆಲವರಿಗೆ 254ರವರೆಗೂ ಹೋಗುತ್ತದೆಂದು ಅಂದಾಜು ಮಾಡಿದರು. ಲಂಡನ್ನಿಗೆ ಹೋಗುವ ಖರ್ಚೇ ಬೇಡವಾಗಿತ್ತು. ನಮ್ಮಲ್ಲಿ ಈ ಪ್ರಯೋಗ ಪ್ರತಿ ಶ್ರಾವಣದಲ್ಲಿ ನಡೆಯುತ್ತದೆ. ತಿಂಗಳಪೂರ್ತಿ ತುಂಡು ಮುಟ್ಟುವುದಿಲ್ಲ, ಗುಂಡು ಮುಟ್ಟುವುದಿಲ್ಲ. ಇಪ್ಪತ್ತೊಂದಲ್ಲ, ಇಡೀ ಮೂವತ್ತು ದಿನ. ಅಮಾವಾಸ್ಯೆ ಕಳೆದ ಮರುದಿನ ಸಾವಜಿ ಖಾನಾವಳಿಯ ಮುಂದೆ ಹೋಗಿ ನಿಂತು ನೋಡಿ, ಒಳಗೆ ಕೂರಲು ಜಾಗ ಸಿಕ್ಕರೆ ಹೇಳಿ.

ಕ್ಲಿಯರ್ ಅವರ ಲೆಕ್ಕ ಮಾತ್ರ ತಪ್ಪಿಲ್ಲ. ದಿನಕ್ಕೆ ಶೇಕಡಾ ಒಂದರಂತೆ ಸುಧಾರಿಸುತ್ತ ಹೋದರೆ ವರ್ಷಕ್ಕೆ ಸುಮಾರು 37 ಪಟ್ಟು ಆಗುತ್ತೀರಿ. ಚಕ್ರಬಡ್ಡಿಯ ಲೆಕ್ಕ, ಅಡತಿ ಅಂಗಡಿಯ ಯಾವ ಗುಮಾಸ್ತನೂ ತೂಕಡಿಸುತ್ತಲೇ ಮಾಡಬಲ್ಲ. ಸಾಹೇಬರು ಇದನ್ನು ಬೋರ್ಡಿನ ಮೇಲೆ ಬರೆದಾಗ ಕಾಕಾ ಕ್ಯಾಲ್ಕ್ಯುಲೇಟರ್ ತೆಗೆದು ತಾಳೆ ನೋಡಿದರು, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. “ಖರೆ ಐತ್ರಿ. ನಮಗ ದಿನಕ್ಕೊಂದು ಪರ್ಸೆಂಟ್ ಬ್ಯಾಡ ಸಾಹೇಬ್ರ. ಕೆಲಸದಾಗ ಮೂವತ್ತೇಳ ಪಟ್ಟು ನಾವು ಆಗತೇವಿ, ಪಗಾರದಾಗ ಬರೇ ಎರಡ ಪಟ್ಟು ನೀವು ಮಾಡ್ರಿ, ಉಳದದ್ದ ಕಂಪನೀಗಿರಲಿ.”

‘ನನ್ನ ಚೀಸ್ ಸರಿಸಿದವರ್ಯಾರು?’ ಎಂಬ ಪುಸ್ತಕ 1998ರಲ್ಲಿ ಬಂದಾಗ ದೊಡ್ಡ ದೊಡ್ಡ ಕಂಪನಿಗಳು ಸಗಟಿನಲ್ಲಿ ಕೊಂಡು ನೌಕರರಿಗೆ ಹಂಚಿದವು. ಎರಡು ಇಲಿ, ಇಬ್ಬರು ಕುಳ್ಳರು, ಒಂದು ಜಟಿಲ ಹಾದಿ. ಒಂದು ದಿನ ಚೀಸ್ ಇದ್ದ ಜಾಗದಲ್ಲಿ ಚೀಸ್ ಇಲ್ಲ. ಇಲಿಗಳು ತಡಮಾಡದೆ ಬೇರೆ ಚೀಸ್ ಹುಡುಕಿ ಹೊರಡುತ್ತವೆ, ಮನುಷ್ಯರು ಅನ್ಯಾಯ ಅನ್ಯಾಯ ಎಂದು ಕೂರುತ್ತಾರೆ. ಬದಲಾವಣೆ ಬಂದರೆ ಗೊಣಗಬೇಡಿ, ಇಲಿಯಂತೆ ಓಡಿ ಎಂಬುದು ನೀತಿ. ಸಾಹೇಬರು ಇದನ್ನು ನಮ್ಮ ನೆಲಕ್ಕೆ ಹೊಂದಿಸಿ ಲೈನ್ ಬಜಾರಿನ ಫೇಡಾ ಇಟ್ಟು ಹೇಳಿದರು. ಎಲ್ಲ ಕೇಳಿದ ಕಾಕಾ, “ಕಥೀ ಭಾಳ ಚಂದ ಐತ್ರಿ. ಖರೆ ಫೇಡಾ ಸರಿಸಿದಾಂವ ಯಾರಂತ ಕಡೀತನಕ ಹೇಳಲೇ ಇಲ್ಲಲ್ರಿ?” ಅಂದರು. ಪುಸ್ತಕದ ಹೆಸರೇ ಆ ಪ್ರಶ್ನೆ, ಪುಸ್ತಕದೊಳಗೆ ಅದಕ್ಕೆ ಉತ್ತರವಿಲ್ಲ. ಆ ಪ್ರಶ್ನೆಯನ್ನು ಕೇಳಬಾರದೆಂದು ಕಲಿಸಲಿಕ್ಕೇ ಅಷ್ಟು ಪುಟ. ಹಂಚಿದವರು ಯಾರು, ಓದಬೇಕಾದವರು ಯಾರು ಎಂದು ನೋಡಿದರೆ ಫೇಡಾ ಯಾರ ಕಿಸೆಯಲ್ಲಿದೆ ಎಂದು ಕಾಕಾಗೆ ಗೊತ್ತಾಗದೆ ಇರುತ್ತದೆಯೇ?

ಹಾಗಂತ ನಮ್ಮೂರಿಗೆ ಇಂಥ ಓದು ಹೊಸದೇನಲ್ಲ. ಹತ್ತು ನಿಮಿಷದಲ್ಲಿ ಪುಸ್ತಕದ ಸಾರ ಹೇಳುವ ಆ್ಯಪ್‌ಗಳು ಬಂದಿವೆಯೆಂದು ಹುಡುಗರು ಚಿಗರಿ ಬಸ್ಸಿನಲ್ಲಿ ಕಿವಿಗೆ ಎಳೆ ಸಿಕ್ಕಿಸಿಕೊಂಡು ಬೀಗುತ್ತಾರೆ. ಹುಬ್ಬಳ್ಳಿಯಿಂದ 1956ರಲ್ಲಿ ಹೊರಟ ‘ಕಸ್ತೂರಿ’ ಈ ಕೆಲಸವನ್ನು ಅವರ ಅಜ್ಜಂದಿರಿಗೇ ಮಾಡಿಕೊಟ್ಟಿತ್ತು. ಪಾ.ವೆಂ. ಆಚಾರ್ಯರಂಥವರು ಕೂತು ಜಗತ್ತಿನ ಪುಸ್ತಕಗಳನ್ನು ಇಳಿಸಿ ಕೊಡುತ್ತಿದ್ದರು, ತಿಂಗಳಿಗೊಂದು ಪುಸ್ತಕ ವಿಭಾಗ. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಬಹುಮಾನವಾಗಿ ಬಂದು ಕಪಾಟು ಸೇರದ ಮನೆ ಎಷ್ಟಿದ್ದಾವು? ಯಂಡಮೂರಿಯವರ ಐದು ಮೆಟ್ಟಿಲು ಹತ್ತದ ಡಿಗ್ರಿ ಹುಡುಗ ಯಾರಿದ್ದಾನೆ? ಆದರೆ ಅವನ್ನೆಲ್ಲ ಮಂದಿ ತಮ್ಮ ಪಾಡಿಗೆ ಮನೆಯಲ್ಲಿ ಓದಿಕೊಂಡರು. ಓದಿದ್ದನ್ನು ಕಚೇರಿಗೆ ತಂದು ಸರ್ಕ್ಯುಲರ್ ಮಾಡಲಿಲ್ಲ.

ಇನ್ನು ಗೆದ್ದವರ ಕಥೆ. ನಮ್ಮ ನೆಲದಲ್ಲಿ ಗೆದ್ದವರಿಗೆ ಬರವಿಲ್ಲ, ತಮಾಷೆಯೆಂದರೆ ಅವರು ಈ ಪುಸ್ತಕಗಳ ಮಾತು ಕೇಳಿ ಗೆದ್ದವರಲ್ಲ. ಡೇಲ್ ಕಾರ್ನೆಗಿ 1936ರಲ್ಲಿ ಬರೆದ, ಇವತ್ತಿಗೂ ಖರ್ಚಾಗುವ ಪುಸ್ತಕದ ಮೊದಲ ನಿಯಮವೇ ಟೀಕೆ ಬೇಡ, ದೂರು ಬೇಡ ಎಂಬುದು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಎಂಬ ತರುಣಿ 1974ರಲ್ಲಿ ಟೆಲ್ಕೋ ಕಂಪನಿಯ ಜಾಹೀರಾತು ನೋಡಿದರು. ಹೆಂಗಸರು ಅರ್ಜಿ ಹಾಕುವ ಅಗತ್ಯವಿಲ್ಲ ಎಂದಿತ್ತು. ಕಾರ್ನೆಗಿ ಆಗಿದ್ದರೆ ನಕ್ಕು ಮುಂದಿನ ಪುಟ ತಿರುವಿ ಅನ್ನುತ್ತಿದ್ದರೇನೋ. ಈ ಹೆಣ್ಣುಮಗಳು ಒಂದು ಪೋಸ್ಟ್ ಕಾರ್ಡ್ ತೆಗೆದು, ನೇರ ಜೆ.ಆರ್.ಡಿ. ಟಾಟಾ ಅವರಿಗೇ ದೂರು ಬರೆದರು. ಕೆಲಸ ಸಿಕ್ಕಿತು. ಪಗಾರ ನಂಬಿದವ ಬಡವನಾಗಿಯೇ ಸಾಯುತ್ತಾನೆ ಎಂಬ ಧಾಟಿಯಲ್ಲಿ 1997ರಲ್ಲಿ ‘ರಿಚ್ ಡ್ಯಾಡ್’ ಬಂತು, ಅದನ್ನು ಓದಿ ನಮ್ಮ ಹುಡುಗರು ನೌಕರಿ ಅಂದರೆ ಮೂಗು ಮುರಿಯುತ್ತಾರೆ. 1981ರಲ್ಲಿ ಇನ್ಫೋಸಿಸ್‌ಗೆಂದು ನಾರಾಯಣ ಮೂರ್ತಿಯವರ ಕೈಗೆ ಬಿದ್ದ 10,000 ರೂಪಾಯಿ ಎಲ್ಲಿಯದು? ಅದೇ ಸುಧಾ, ಅಂದರೆ ಸುಧಾ ಮೂರ್ತಿಯವರು, ನೌಕರಿ ಮಾಡಿ ಉಳಿಸಿಟ್ಟದ್ದು.

ವಿಜಯ ಸಂಕೇಶ್ವರರನ್ನು ನೋಡಿ. ಗದಗಿನಲ್ಲಿ ಮನೆತನದ ಮುದ್ರಣ, ಪ್ರಕಾಶನದ ವ್ಯವಹಾರ ಇತ್ತು. ಅದನ್ನು ಬಿಟ್ಟು 1976ರಲ್ಲಿ ಒಂದು ಲಾರಿ ಕೊಂಡರು. ಮುಂದೆ ಹುಬ್ಬಳ್ಳಿಗೆ ಬಂದರು, ಈಗ ವಿಆರ್‌ಎಲ್ ಗಾಡಿ ಕಾಣದ ಹೆದ್ದಾರಿ ಇಲ್ಲ. ಇದರಿಂದ ‘ರಿಸ್ಕ್ ತಗೊಳ್ಳಿ’ ಎಂಬ ಪಾಠ ತೆಗೆಯುವುದು ಬಲು ಸುಲಭ. ಆದರೆ ಅದೇ ಕಾಲದಲ್ಲಿ ಸಾಲ ಮಾಡಿ ಒಂದೊಂದು ಲಾರಿ ಕೊಂಡವರು ಇನ್ನೂ ಎಷ್ಟು ಮಂದಿ ಇದ್ದಾರೋ! ಅವರ ಲಾರಿ ಘಟ್ಟ ಹತ್ತುವಾಗ ಕೆಟ್ಟು ನಿಂತಿದ್ದರೆ, ಉದ್ರಿ ವಸೂಲಾಗದೆ ಕಂತು ತಪ್ಪಿದ್ದರೆ, ಅವರ ಬಗ್ಗೆ ಯಾರು ಪುಸ್ತಕ ಬರೆಯುತ್ತಾರೆ? ಬರೆದರೂ ಪಾಠ ಉಲ್ಟಾ ಆಗುತ್ತದೆ, ‘ಅಪ್ಪನ ಕಸುಬು ಬಿಡಬೇಡಿ’ ಎಂದು. ಗೆದ್ದಮೇಲೆ ಹಿಂದಿರುಗಿ ನೋಡಿ ಕಾರಣ ಹೇಳುವುದು ಯಾರಿಗೆ ಬರುವುದಿಲ್ಲ? ಜಿಮ್ ಕಾಲಿನ್ಸ್ 2001ರಲ್ಲಿ ಹನ್ನೊಂದು ಕಂಪನಿ ಆರಿಸಿ, ಇವು ಹೀಗೆ ಮಾಡಿದ್ದಕ್ಕೆ ಮೇಲೆ ಬಂದವು ಎಂದು ಪುಸ್ತಕ ಬರೆದರು. ಅವುಗಳಲ್ಲಿ ಸರ್ಕಿಟ್ ಸಿಟಿ 2008ರಲ್ಲಿ ದಿವಾಳಿ ಎದ್ದಿತು, ಫ್ಯಾನಿ ಮೇ ಅದೇ ವರ್ಷ ಸರ್ಕಾರದ ಕೈಗೆ ಹೋಯಿತು. ಪುಸ್ತಕ ಮಾತ್ರ ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದೆ. ಹಾಗೆ ನೋಡಿದರೆ ಹನ್ನೆರಡನೆಯ ಯಶಸ್ವಿ ಕಂಪನಿ ಆ ಪುಸ್ತಕವೇ.

ಟಾರ್ಗೆಟ್ ಬಗ್ಗೆ ಸಾಹೇಬರು ಭಾಷಣ ಮಾಡಿದ ದಿನ ಕಾಕಾ ಆಯ್ದಕ್ಕಿ ಲಕ್ಕಮ್ಮನ ಕಥೆ ತೆಗೆದರು. ಗಂಡ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದ. ಲಕ್ಕಮ್ಮ ಭೇಷ್ ಅನ್ನಲಿಲ್ಲ. ಈ ಹೆಚ್ಚಿನದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ಹನ್ನೆರಡನೆಯ ಶತಮಾನದಲ್ಲಿ ಶರಣೆ ಎಂದು ಕೈಮುಗಿಸಿಕೊಂಡಳು. ಈಗ ಯಾವುದಾದರೂ ಕಂಪನಿಯ ಅಪ್ರೈಸಲಿಗೆ ಅವಳು ಕೂತರೆ ‘ಮಹತ್ವಾಕಾಂಕ್ಷೆ ಸಾಲದು’ ಎಂದು ಬರೆದು ಇನ್‌ಕ್ರಿಮೆಂಟ್ ಕತ್ತರಿಸುತ್ತಾರೆ. ಬಸವಜಯಂತಿಗೆ ಗೋಡೆಗೆ ಕಾಯಕದ ಬೋರ್ಡ್ ಹಾಕುವ ಕಚೇರಿಯಲ್ಲೇ ಇದು ನಡೆಯುತ್ತದೆ. ಬೋರ್ಡಿನ ಮೇಲೆ ಕಾಯಕ ಇರುತ್ತದೆ, ದಾಸೋಹ ಇರುವುದಿಲ್ಲ. ಅದನ್ನು ಬರೆಯಲು ಜಾಗ ಸಾಲಲಿಲ್ಲವಂತೆ.

ಪುಸ್ತಕದಲ್ಲಿರುವುದು ಸುಳ್ಳೆಂದು ನಾನು ಹೇಳುತ್ತಿಲ್ಲ. ಬಹಳ ಮಟ್ಟಿಗೆ ನಿಜವೇ. ತೊಂದರೆ ಆಗುವುದು ಅದು ಒಬ್ಬರ ಬಾಯಿಂದ ಇನ್ನೊಬ್ಬರ ಮೈಮೇಲೆ ಬರುವಾಗ. ದಾಜಿಬಾನಪೇಟೆಯ ಕಡೆ ಒಂದು ಸೀರೆ ಅಂಗಡಿ. ಅಲ್ಲೊಬ್ಬ ಹಳೆಯ ಸೇಲ್ಸ್‌ಮನ್. ಗಾದಿಯ ಮೇಲೆ ಮಂಡಿಯೂರಿ ಕೂತು ಇಳಕಲ್ಲ ಸೀರೆಯ ಮಡಿಕೆಯನ್ನು ಒಂದೇ ಬೀಸಿಗೆ ಬಿಚ್ಚಿ, ಟೋಪತೆನಿ ಸೆರಗನ್ನು ತನ್ನ ಹೆಗಲಿಗೇ ಹಾಕಿಕೊಂಡು ತೋರಿಸುತ್ತಿದ್ದ. “ತೊಗೊಳ್ಳೂದ ಬಿಡ್ರಿ ಅಕ್ಕಾರ, ನೋಡಾಕೇನ ರೊಕ್ಕಾ ಬೀಳತಾವೇನು? ದೊಡ್ಡಾಕಿನ್ನ ಬಾಗಲಕೋಟಿಗೆ ಕೊಟ್ಟಿದ್ರಲ್ಲ, ಬಸರಾಗ್ಯಾಳೇನ್ರಿ? ಹಂಗಾದ್ರ ಕುಬಸದ ಸೀರೀ ಬ್ಯಾರೆ ತಗೀತೇನಿ ತಡೀರಿ.” ಒಂದು ಸೀರೆಗೆಂದು ಬಂದ ಅಕ್ಕಾರು ಮೂರು ಸೀರೆ, ಎರಡು ಖಣ ಹಿಡಿದು ಹೋಗುತ್ತಿದ್ದರು. ಎದುರಿನವರಿಗೆ ತಮ್ಮ ಹೆಸರಿನಷ್ಟು ಸಿಹಿಯಾದ ಶಬ್ದ ಇನ್ನೊಂದಿಲ್ಲ ಎಂದು ಕಾರ್ನೆಗಿ ಬರೆದದ್ದು ಈ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಅವನಿಗೆ ಗಿರಾಕಿಗಳ ಹೆಸರಷ್ಟೇ ಅಲ್ಲ, ಬೀಗರ ಹೆಸರೂ ಬಾಯಿಪಾಠ.

ಮಾಲಕರ ಮಗ ಎಲ್ಲೋ ತರಬೇತಿ ಮುಗಿಸಿ, ಒಂದು ಕಟ್ಟು ಪುಸ್ತಕ ಹೊತ್ತು ಬಂದ. ಗಾದಿ ಹೋಗಿ ಕೌಂಟರ್ ಬಂತು. ಸೇಲ್ಸ್‌ಮನ್ ಎದೆಗೆ ಬಿಲ್ಲೆ ಬಂತು, ಬಾಯಿಗೆ ವಾಕ್ಯ ಬಂತು. ಅಕ್ಕಾರು ಒಳಗೆ ಕಾಲಿಟ್ಟರು. ಇವನು ಎದ್ದು ನಿಂತು ಕೈಮುಗಿದು, ಗೋಡೆ ನೋಡುತ್ತ, “ನಮಸ್ಕಾರ ಮೇಡಂ. ನಮ್ಮ ಮಳಿಗೆಗೆ ಸ್ವಾಗತ. ನಾನು ತಮಗೆ ಯಾವ ರೀತಿ ಸಹಾಯ ಮಾಡಬಹುದು?” ಎಂದ. ಅಕ್ಕಾರು ಗಾಬರಿಯಾಗಿ ಅವನ ಮುಖವನ್ನೇ ನೋಡಿದರು. “ಯಾಕೋ ತಮ್ಮಾ, ಮೈಯಾಗ ಆರಾಮಿಲ್ಲೇನು? ಹೋಗಿ ಮಲಕ್ಕೊ ಹೋಗು” ಅಂದವರೇ ಎದುರಿನ ಅಂಗಡಿಗೆ ನಡೆದರು.

ಇದೆಲ್ಲ ನೋಡಿ ನಾವು ಸ್ಟಾಫಿನವರು ಚಹಾದ ಅಂಗಡಿಯಲ್ಲಿ ಸೇರಿ ಒಂದು ಠರಾವು ಪಾಸು ಮಾಡಿದ್ದೇವೆ. ಇಂಥ ಪುಸ್ತಕ ಓದಲು ಎಲ್ಲರಿಗೂ ಹಕ್ಕಿದೆ, ಗೆರೆ ಎಳೆಯಲೂ ಅಡ್ಡಿಯಿಲ್ಲ. ಆದರೆ ಓದಿದವರು ಮೊದಲು 66 ದಿನ ಅದನ್ನು ತಮ್ಮ ಮೇಲೆ ಪ್ರಯೋಗಿಸಿಕೊಳ್ಳಬೇಕು. ಆ ಅವಧಿಯಲ್ಲಿ ಪುಸ್ತಕದ ಹೆಸರನ್ನಾಗಲಿ, ಲೇಖಕರ ಹೆಸರನ್ನಾಗಲಿ ಕಚೇರಿಯಲ್ಲಿ ಎತ್ತಕೂಡದು. ಅರವತ್ತೇಳನೆಯ ದಿನ, ಯಾರೂ ಕೇಳದೆ, ಸಿಪಾಯಿ ತಾನಾಗಿ ಬಂದು “ಸಾಹೇಬ್ರು ಇತ್ತಿತ್ತಲಾಗ ಯಾಕೋ ಬದಲಾಗ್ಯಾರ್ರಿ” ಅಂದರೆ, ಸ್ಟಾಫಿನವರೆಲ್ಲ ಚಂದಾ ಎತ್ತಿ ಆ ಪುಸ್ತಕದ ಒಂದೊಂದು ಪ್ರತಿ ಕೊಳ್ಳುವುದು.

ಠರಾವಿಗೆ ಎಲ್ಲರೂ ಸಹಿ ಮಾಡಿದರು. ಚಂದಾ ಎಷ್ಟೆಂದು ಮೊದಲೇ ಗೊತ್ತು ಮಾಡಿಬಿಡೋಣ ಎಂದು ಕ್ಯಾಶಿಯರ್ ಅಂದಾಗ ಕಾಕಾ ಚಹಾ ಬಟ್ಟಲು ಕೆಳಗಿಟ್ಟು ಎದ್ದರು.

“ಎಷ್ಟರೆ ಬರಕೋರಿ ತಮ್ಮಾ, ಸಾವಿರಾ ಅಂತ ಬರಕೋರಿ. ಯಾರ ಕಿಸೇದಿಂದನೂ ಹೋಗೂದಿಲ್ಲ.”